ಥೀಕಾದಲ್ಲಿ ಸರ್ವೇ, ಎರಡನೇ ವರ್ಷ

ಯಾರು ಕೇಳಿದರೂ ಅವ್ವ ನೈರೋಬಿ ಅನ್ನುತ್ತಾಳೆ.
ಮಗಳು ನೈರೋಬಿಯಲ್ಲಿ ಓದುತ್ತಿದ್ದಾಳೆ.
ಮೊದಮೊದಲು ತಿದ್ದುತ್ತಿದ್ದೆ:
ನೈರೋಬಿಯಲ್ಲ ಅವ್ವ, ಥೀಕಾ. ನೈರೋಬಿಯ ಹತ್ತಿರ.
ಹತ್ತಿರ ಅಂದಮೇಲೆ ಅದೇ ಆಯಿತಲ್ಲ ಅನ್ನುವಳು,
ಕಾಳು ಕೇರುತ್ತ, ಮೊರದಿಂದ ಕಣ್ಣೆತ್ತದೆ.

ಇಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಮಟಾಟು ಹುಡುಗರು
ಬಾಗಿಲಿಗೆ ಜೋತುಬಿದ್ದು ಟಾವೊ, ಟಾವೊ ಎಂದು ಕೂಗುತ್ತಾರೆ.
ಟಾವೊ ಅಂದರೆ ಪೇಟೆ. ಪೇಟೆ ಅಂದರೆ ನೈರೋಬಿ.
ಹಾಗಾದರೆ ನಾವೀಗ ನಿಂತಿರುವುದು ಏನು
ಎಂದು ಒಬ್ಬನನ್ನು ಕೇಳಿದೆ.
ಹತ್ತುತ್ತೀಯೋ ಇಲ್ಲವೋ, ಅಂದ.

ನಾನು ಕಲಿಯುತ್ತಿರುವುದು ಅಳೆಯುವುದನ್ನು.
ಗಚುಹಿ ಮೇಷ್ಟ್ರು ಮುಕ್ಕಾಲಿಯ ಮೇಲೆ ಲೆವೆಲ್ ಕೂರಿಸಿ
ಗುಳ್ಳೆ ನಡುವಿಗೆ ಬರುವ ತನಕ ಉಸಿರಾಡಬೇಡಿ ಅನ್ನುತ್ತಾರೆ.
ಚಾನಿಯಾ ಹೊಳೆಯ ಸೇತುವೆಯಿಂದ ಅನಾನಸ್ ತೋಟದ ಬೇಲಿಯವರೆಗೆ
ಈ ಊರನ್ನು ಮೂರು ಸಲ ಅಳೆದಿದ್ದೇವೆ ನಾನು ಮತ್ತು ಚೆಲಾಂಗಟ್.
ಮೂರು ಸಲವೂ ಬೇರೆ ಬೇರೆ ಲೆಕ್ಕ.
ಚರ್ಮದ ಕಾರ್ಖಾನೆಯ ಹತ್ತಿರ ಅವಳು
ಒಂದು ಕೈಯಲ್ಲಿ ಮೂಗು, ಇನ್ನೊಂದರಲ್ಲಿ ಕೋಲು ಹಿಡಿಯುತ್ತಾಳೆ,
ಕೋಲು ವಾಲುತ್ತದೆ.
ವಾಸನೆಯ ದೋಷ, ನಾಲ್ಕು ಸೆಂಟಿಮೀಟರ್
ಎಂದು ಮೇಷ್ಟ್ರು ಕೆಂಪು ಶಾಯಿಯಲ್ಲಿ ಬರೆದರು.

ಶುಕ್ರವಾರ ಸಂಜೆಗೆ ಹಾಸ್ಟೆಲು ಅರ್ಧ ಖಾಲಿ.
ಕಾಸಿದ್ದವರು ಟಾವೊಗೆ ಹೋಗಿ
ಸೋಮವಾರ ಹೊಸ ಜಡೆ, ಹೊಸ ಬೈಗುಳ ತರುತ್ತಾರೆ.
ಉಳಿದವರು ಗೇಟಿನೆದುರು ಚಪಾತಿ, ಬೀನ್ಸು ತಿಂದು
ನೀರಿನ ಟ್ಯಾಂಕು ಹತ್ತಿ ಕೂರುತ್ತೇವೆ.
ಆಕಾಶದ ಆ ತುದಿಗೆ ಒಂದು ಮಾಸಲು ಬೆಳಕು,
ಯಾರೋ ಬಾಗಿಲು ಪೂರ್ತಿ ಹಾಕಿಕೊಳ್ಳದೆ ಮಲಗಿದ ಹಾಗೆ.
ಅದು ನೈರೋಬಿ, ಅನ್ನುತ್ತಾಳೆ ಚೆಲಾಂಗಟ್, ಪ್ರತಿ ವಾರ,
ನನಗೆ ಗೊತ್ತಿಲ್ಲವೇನೋ ಎಂಬಂತೆ.

ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ಫೋನು.
ಸ್ಯೊಂಬುವಾ, ಬಂದಿದ್ದೇನೆ. ಎಲ್ಲಿದ್ದೀ?
ಎಲ್ಲಿಗೆ ಬಂದೆ ಅವ್ವ?
ಇನ್ನೆಲ್ಲಿಗೆ? ನೈರೋಬಿಗೆ.

ಮ್ವಿಂಗಿಯಿಂದ ನಸುಕಿಗೆ ಹೊರಟ ಬಸ್ಸು
ಮಟೂ ದಾಟಿ, ಥೀಕಾ ಹಾಯ್ದು, ಮುಂದೆ ಹೋಗುತ್ತದೆ.
ಹತ್ತೂವರೆಗೆ ನಾನು ಆ ರಸ್ತೆಯ ಪಕ್ಕದಲ್ಲೇ
ಹಳದಿ ಜಾಕೆಟ್ಟು ತೊಟ್ಟು, ಒಂದು ಕಣ್ಣು ಮುಚ್ಚಿ
ಇನ್ನೊಂದನ್ನು ದುರ್ಬೀನಿಗೆ ಒತ್ತಿ ನಿಂತಿದ್ದೆ.
ನನಗೂ ಕೋಲಿಗೂ ನಡುವೆ ಹಸಿರು ಬಸ್ಸೊಂದು ಅಡ್ಡ ಬಂತು.
ಥೂ, ಇನ್ನೊಂದು ಸಲ! ಎಂದು ಕೂಗಿದ್ದು ನೆನಪಿದೆ.
ಒಳಗೆ ತೊಡೆಯ ಮೇಲೆ ಜೇನಿನ ಡಬ್ಬಿ ಇಟ್ಟುಕೊಂಡ ಅವ್ವ
ಬಿಸಿಲಲ್ಲಿ ನಿಂತ ಹುಡುಗಿಯರನ್ನು ಕಿಟಕಿಯಿಂದ ನೋಡಿ
ಪಾಪ, ಯಾರ ಮಕ್ಕಳೋ, ಅಂದುಕೊಂಡಳಂತೆ.

ನಾನು ಹೋಗಿ ತಲುಪಲು ಎರಡು ಗಂಟೆ, ಅಷ್ಟು ಟ್ರಾಫಿಕ್ಕು.
ಬಸ್ ಆಫೀಸಿನ ಮೆಟ್ಟಿಲ ಮೇಲೆ
ಡಬ್ಬಿಯನ್ನು ಎರಡು ಪಾದಗಳ ನಡುವೆ ಒತ್ತಿ ಕೂತಿದ್ದಳು.
ನೈರೋಬಿ ಹೇಗಿದೆ ಅವ್ವ?
ನೋಡಲಿಲ್ಲ. ಡಬ್ಬಿ ನೋಡಿಕೊಳ್ಳುತ್ತಿದ್ದೆ.

ಸಂಜೆ ಥೀಕಾದಲ್ಲಿ ಇಳಿದಾಗ
ಸುತ್ತ ನೋಡಿದಳು, ಕಂಬ ನೋಡಿದಳು, ಗೂಡಂಗಡಿ ನೋಡಿದಳು.
ಇಲ್ಲೇ ಬೆಳಿಗ್ಗೆ ಬಸ್ಸು ನಿಂತಿತ್ತಲ್ಲ, ಅಂದಳು.
ಮತ್ತೆ ಚೀಲಕ್ಕೆ ಕೈ ಹಾಕಿ
ಒಂದು ಅನಾನಸು ತೆಗೆದಳು. ಅದೇ ಗೂಡಂಗಡಿಯದು.
ನಿನಗೇ ತಗೊಂಡೆ,
ನೈರೋಬಿಯಲ್ಲಿ ಸಿಗುತ್ತದೋ ಇಲ್ಲವೋ ಅಂತ.

ರಾತ್ರಿ ಚೆಲಾಂಗಟ್‌ಳ ಚಾಕುವಿನಿಂದ ಕೊಯ್ದು ತಿಂದೆವು,
ಜೇನಿಗೆ ಅದ್ದಿ ಅದ್ದಿ, ಮಂಚದ ಮೇಲೆ ಮೂವರೂ.
ಇದರಿಂದ ನಮ್ಮ ಬೇಲಿ ಅಳೆಯಲು ಬರುತ್ತದಾ ಎಂದು
ಮೂಲೆಯ ಮುಕ್ಕಾಲಿಯತ್ತ ಗಲ್ಲ ತಿರುಗಿಸಿದಳು.
ಬರುತ್ತದೆ ಅಂದೆ.
ಊರಿಗೆ ಹೋದವಳು ಈಗಲೂ ನೈರೋಬಿ ಅನ್ನುತ್ತಾಳಂತೆ.
ನಾನು ತಿದ್ದುವುದಿಲ್ಲ.

ಫೀಲ್ಡ್ ಪುಸ್ತಕದಲ್ಲಿ ಆ ದಿನದ ಹತ್ತೂವರೆಯ ಸಾಲು ಖಾಲಿ.
ಷರಾ ಕಾಲಮ್ಮಿನಲ್ಲಿ ನನ್ನದೇ ಅಕ್ಷರ:
ಬಸ್ಸು ಅಡ್ಡ ಬಂತು, ಏನೂ ಕಾಣಲಿಲ್ಲ.